ನಾಣ್ಯದ ಮೇಲೆ ಜೋಡಿ ಗೆರೆ ಕಂಡರೆ: ದೋಷ ಎಲ್ಲಿ ಹುಟ್ಟಿತೆಂದು ಪತ್ತೆ ಹಚ್ಚುವ ಕ್ರಮ

ಹಳೆಯ ಕಾಲಾಣೆಯ ಇಸವಿಯ ಪಕ್ಕದಲ್ಲಿ ಇನ್ನೊಂದು ಮಸುಕು ಇಸವಿ ಕಂಡರೆ, ರೂಪಾಯಿಯ ಅಕ್ಷರಗಳಿಗೆ ಎರಡೆರಡು ಅಂಚು ಕಂಡರೆ, ಮುಂಬಯಿಯ ಫೋರ್ಟಿನ ಫುಟ್‌ಪಾತಿನಲ್ಲೂ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲೂ ಅದಕ್ಕೆ ಒಂದೇ ಹೆಸರು: ‘ಡಬಲ್’. ಹೆಸರು ಒಂದೇ ಆದರೂ ಅದರ ಹಿಂದಿರುವ ಕಾರಣಗಳು ಏಳೆಂಟು. ಅವುಗಳಲ್ಲಿ ಒಂದೆರಡಕ್ಕೆ ಮಾತ್ರ ಸಂಗ್ರಾಹಕರು ಹೆಚ್ಚು ಬೆಲೆ ಕೊಡುತ್ತಾರೆ. ಉಳಿದವು ನಾಣ್ಯ ಒತ್ತುವ ಯಂತ್ರವಾದ ಪ್ರೆಸ್ಸಿನ ಸಡಿಲ, ಅದರಲ್ಲಿರುವ ಉಕ್ಕಿನ ಅಚ್ಚಾದ ಡೈಯ ಸವೆತ, ಯಾರೋ ಹಾಕಿದ ಸುತ್ತಿಗೆಯ ಪೆಟ್ಟು, ಇಲ್ಲವೆ ಬರಿಯ ಬೆಳಕಿನ ಆಟ. ಮಾಟುಂಗದ ಹೋಟೆಲಿನ ಗಲ್ಲಾದಲ್ಲಿ ಸಿಕ್ಕಿದ್ದಾಗಲಿ, ಊರಿನಿಂದ ಬಂದ ಅಜ್ಜಿಯ ಟ್ರಂಕಿನದಾಗಲಿ, ನಾಣ್ಯವನ್ನು ಮಾರುವ ಅಥವಾ ಕೊಳ್ಳುವ ಮೊದಲು ಈ ಪರೀಕ್ಷೆಗಳನ್ನು ಇದೇ ಕ್ರಮದಲ್ಲಿ ಮಾಡಿ.

ಕೊನೆಯವರೆಗೂ ಒಂದೇ ಪ್ರಶ್ನೆ ಮನಸ್ಸಿನಲ್ಲಿರಲಿ: ಈ ಎರಡನೆಯ ಗೆರೆಗೆ ಲೋಹ ಎಲ್ಲಿಂದ ಬಂತು? ಡೈಯಲ್ಲೇ ಎರಡು ಗುಳಿಗಳಿದ್ದರೆ ಲೋಹ ಎರಡನ್ನೂ ತುಂಬಿ ಮೇಲೆದ್ದಿರುತ್ತದೆ, ಅಕ್ಷರ ದಪ್ಪವಾಗುತ್ತದೆ. ಒತ್ತಿದ ಮೇಲೆ ಡೈ ಜಾರಿದ್ದರೆ ಎದ್ದುನಿಂತ ಅಕ್ಷರದ ಲೋಹವೇ ಒಂದು ಬದಿಗೆ ತಳ್ಳಿಹೋಗಿ, ಅಕ್ಷರ ಸಣಕಲಾಗುತ್ತದೆ. ಡೈ ಸವೆದಿದ್ದರೆ ಅಕ್ಷರ ಊದಿಕೊಂಡು ಅಂಚು ಕಳೆದುಕೊಳ್ಳುತ್ತದೆ. ಟಂಕಸಾಲೆಯ ಹೊರಗೆ ಪೆಟ್ಟು ಬಿದ್ದಿದ್ದರೆ ಲೋಹ ತಗ್ಗಿಗೆ ಇಳಿದಿರುತ್ತದೆ. ಹೆಸರನ್ನು ಆಮೇಲೆ ಇಡಬಹುದು, ಮೊದಲು ಲೋಹದ ಲೆಕ್ಕ ನೋಡಿ.

ಬೇಕಾದ ಸಾಮಾನು

10 ಪಟ್ಟು ಹಿಗ್ಗಿಸುವ ಒಂದು ಒಳ್ಳೆಯ ಲೂಪ್ ಸಾಕು. ಮೂರು ಗಾಜು ಸೇರಿಸಿದ ಟ್ರಿಪ್ಲೆಟ್ ಆದರೆ ಅಂಚಿನಲ್ಲಿ ಬಣ್ಣದ ಗೆರೆ ಬರುವುದಿಲ್ಲ. ಅಗ್ಗದ ಲೂಪಿನಲ್ಲಿ ಬರುವ ಆ ಬಣ್ಣದ ಗೆರೆಯನ್ನೇ ‘ಡಬಲ್’ ಎಂದುಕೊಳ್ಳುವವರು ಬಹಳ. ಲೂಪನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ನಾಣ್ಯವನ್ನು ಅದರ ಎದುರಿಗೆ ಎರಡೂವರೆ ಸೆಂಟಿಮೀಟರಿನಷ್ಟು ಹತ್ತಿರಕ್ಕೆ ತನ್ನಿ. ಲೂಪನ್ನು ನಾಣ್ಯದ ಮೇಲಿಟ್ಟು ದೂರದಿಂದ ಇಣುಕಿದರೆ ಏನೂ ತಿಳಿಯುವುದಿಲ್ಲ. ಜೊತೆಗೆ 0.01 ಗ್ರಾಂ ತೋರಿಸುವ ತಕ್ಕಡಿ, ಒಂದು ವರ್ನಿಯರ್ ಕ್ಯಾಲಿಪರ್, ಕುತ್ತಿಗೆ ಬಗ್ಗಿಸಬಹುದಾದ ಒಂದು ಟೇಬಲ್ ಲ್ಯಾಂಪು, ಕೆಳಗೆ ಹಾಸಲು ದಪ್ಪ ಬಟ್ಟೆ. ಇವೆಲ್ಲಕ್ಕಿಂತ ಮುಖ್ಯವಾದದ್ದು ಅದೇ ಇಸವಿಯ, ಅದೇ ಟಂಕಸಾಲೆಯ, ದೋಷವಿಲ್ಲದ ಇನ್ನೊಂದು ನಾಣ್ಯ. ಹೋಲಿಕೆಗೆ ನಾಣ್ಯವಿಲ್ಲದೆ ಕೊಡುವ ತೀರ್ಪು ಅಂದಾಜಷ್ಟೇ.

ಪರೀಕ್ಷೆಗೆ ಮೊದಲು ನಾಣ್ಯವನ್ನು ತೊಳೆಯಬೇಡಿ, ಉಜ್ಜಬೇಡಿ. ಹುಣಸೆಹಣ್ಣು, ನಿಂಬೆರಸ, ಪಾತ್ರೆ ಉಜ್ಜುವ ಪುಡಿ ದೇವರ ಮನೆಯ ಹಿತ್ತಾಳೆಗೆ ಸರಿ, ತಾಮ್ರದ ಕಾಲಾಣೆಗೆ ಅಲ್ಲ. ಹುಳಿ ಲೋಹದ ಮೈಯನ್ನು ತಿನ್ನುತ್ತದೆ, ಉಜ್ಜಿದ ಗೀರು ಅಕ್ಷರದ ಅಂಚನ್ನು ಎಳೆದು ಮಸುಕಾಗಿಸುತ್ತದೆ, ಪುಡಿಯ ಬಿಳಿ ಅಕ್ಷರದ ಬುಡದಲ್ಲಿ ಕೂತು ಇನ್ನೊಂದು ಗೆರೆಯಂತೆ ಕಾಣುತ್ತದೆ. ಹೊಸದೊಂದು ಸುಳ್ಳು ದೋಷ ಹುಟ್ಟುವುದರ ಜೊತೆಗೆ ಇದ್ದ ಸಾಕ್ಷಿಯೂ ಹೋಗುತ್ತದೆ. ಹಳೆಯ ಮೆತ್ತನೆ ಪ್ಲಾಸ್ಟಿಕ್ ಲಕೋಟೆಯ ಹಸಿರು ಅಂಟು ಹತ್ತಿದ್ದರೆ ಮಾತ್ರ ಶುದ್ಧ ಅಸಿಟೋನಿನಲ್ಲಿ ಅದ್ದಿ ತೆಗೆಯಬಹುದು. ಗಾಜಿನ ಬಟ್ಟಲು ಬಳಸಿ, ಕಿಟಕಿ ತೆರೆದಿಡಿ, ಹತ್ತಿರದಲ್ಲಿ ಬೆಂಕಿ ಇರಬಾರದು. ಅದ್ದಿದ ಮೇಲೆ ಒರೆಸದೆ ತಾನಾಗಿ ಆರಲು ಬಿಡಿ.

ಮೊದಲ ಪರೀಕ್ಷೆ: ಗೆರೆ ಬೆಳಕಿನ ಜೊತೆ ಓಡುತ್ತದೆಯೇ?

ಕೋಣೆಯ ಟ್ಯೂಬ್‌ಲೈಟ್ ಆರಿಸಿ, ಒಂದೇ ಲ್ಯಾಂಪು ಉರಿಸಿ. ಬೆಳಕು 20ರಿಂದ 30 ಡಿಗ್ರಿ ಕೋನದಲ್ಲಿ ಓರೆಯಾಗಿ ಬೀಳಲಿ. ನಾಣ್ಯವನ್ನು ಅಂಚಿನಲ್ಲಿ ಹಿಡಿದು ನಿಧಾನವಾಗಿ ಪೂರ್ತಿ ಒಂದು ಸುತ್ತು ತಿರುಗಿಸಿ. ಎರಡನೆಯ ಗೆರೆ ಅಕ್ಷರಕ್ಕೆ ಅಂಟಿಕೊಂಡು ಅದರ ಜೊತೆಯಲ್ಲೇ ತಿರುಗಿದರೆ ಅದು ಲೋಹದಲ್ಲಿದೆ. ಅಕ್ಷರ ತಿರುಗಿದರೂ ಗೆರೆ ಲ್ಯಾಂಪಿನ ಎದುರು ಬದಿಯಲ್ಲೇ ನಿಂತರೆ ಅದು ನೆರಳು, ಪರೀಕ್ಷೆ ಅಲ್ಲಿಗೇ ಮುಗಿಯಿತು.

ಫೋಟೋ ನೋಡಿ ನಾಣ್ಯ ಕೊಳ್ಳುವವರು ಇಲ್ಲಿ ಇನ್ನೂ ಎಚ್ಚರವಾಗಿರಬೇಕು. ಗಟ್ಟಿ ಪ್ಲಾಸ್ಟಿಕ್ ಕ್ಯಾಪ್ಸೂಲಿನೊಳಗಿನ ನಾಣ್ಯದ ಚಿತ್ರದಲ್ಲಿ ಪ್ಲಾಸ್ಟಿಕ್ಕಿನ ಎರಡು ಮೈಗಳ ನಡುವೆ ಪ್ರತಿಫಲಿಸಿದ ಬೆಳಕು ಇಡೀ ವಿನ್ಯಾಸಕ್ಕೆ ಒಂದು ಮಂಕು ಪ್ರತಿಬಿಂಬ ಕೊಡಬಲ್ಲದು. ಮೊಬೈಲು ಹಲವು ಚಿತ್ರಗಳನ್ನು ಒಟ್ಟುಗೂಡಿಸಿ ಒಂದು ಮಾಡುವಾಗ ಕೈ ನಡುಗಿದ್ದರೆ ಅಂಚುಗಳು ಎರಡಾಗುತ್ತವೆ. ಚಿತ್ರವನ್ನು ಚುರುಕುಗೊಳಿಸುವ ತಂತ್ರ ಅಕ್ಷರದ ಸುತ್ತ ಬಿಳಿ ಬಾರ್ಡರ್ ಎಳೆಯುತ್ತದೆ. ಈ ಮೂರಕ್ಕೂ ಇರುವ ಸುಳಿವು ಒಂದೇ: ಹೊರಗಿನ ಅಂಚುಪಟ್ಟಿ, ಅದರ ಮೇಲಿನ ಗೀರು, ಧೂಳಿನ ಕಣ ಎಲ್ಲವೂ ಅಷ್ಟೇ ದೂರಕ್ಕೆ ಎರಡಾಗಿರುತ್ತವೆ. ನಾಣ್ಯ ಹೊರಬಿದ್ದು ವರ್ಷಗಳ ಮೇಲೆ ಆದ ಗೀರು ಟಂಕಸಾಲೆಯಲ್ಲಿ ಎರಡಾಗಲು ಸಾಧ್ಯವೇ ಇಲ್ಲ. ಹಾಗಾಗಿ ಮಾರುವವರಿಂದ ಕ್ಯಾಪ್ಸೂಲಿನ ಹೊರಗೆ ತೆಗೆದು, ಎರಡು ಬೇರೆ ದಿಕ್ಕಿನ ಬೆಳಕಿನಲ್ಲಿ ಹಿಡಿದ ಎರಡು ಚಿತ್ರಗಳನ್ನು ಕೇಳಿ ಪಡೆಯಿರಿ.

ಎರಡನೆಯದು: ಕೈ ಹೊಡೆತದ್ದೋ, ಯಂತ್ರದ್ದೋ?

ಪುಣೆಯ ಕಡೆ ಹೇರಳವಾಗಿ ಸಿಗುವ ಶಿವರಾಯಿ ತಾಮ್ರದ ಕಾಸು, ಆದಿಲಶಾಹಿ, ವಿಜಯನಗರ, ಮೊಗಲ್ ನಾಣ್ಯಗಳೆಲ್ಲ ಕೈಯಿಂದ ಹೊಡೆದವು. ಕೆಳಗೊಂದು ಅಚ್ಚು, ಮೇಲೆ ಕೈಯಲ್ಲಿ ಹಿಡಿದ ಅಚ್ಚು, ನಡುವೆ ಇನ್ನೂ ಮುದ್ರೆ ಬೀಳದ ಲೋಹದ ಬಿಲ್ಲೆ, ಮೇಲಿನಿಂದ ಸುತ್ತಿಗೆಯ ಏಟು. ಒಂದು ಏಟಿಗೆ ಅಚ್ಚು ಪೂರ್ತಿ ಮೂಡದಿದ್ದರೆ ಇನ್ನೊಂದು ಏಟು, ಅಷ್ಟರಲ್ಲಿ ಬಿಲ್ಲೆ ಕೂದಲೆಳೆಯಷ್ಟು ಸರಿದಿರುತ್ತದೆ. ಶಿವರಾಯಿಯ ‘ಶ್ರೀ ರಾಜಾ ಶಿವ’ ಬರಹದಲ್ಲಿ ‘ರಾ’ ಎರಡು ಸಲ ಬಿದ್ದಿದ್ದರೆ ಅದು ಜೋಡಿ ಹೊಡೆತವೇ ಹೌದು, ಆದರೆ ಆ ಕಾಲದ ಕೆಲಸದ ರೀತಿಯಲ್ಲಿ ಅದು ನಿತ್ಯದ ಸಂಗತಿ. ಅದನ್ನು ಅಪರೂಪದ ಡೈ ದೋಷವೆಂದು ಹೆಚ್ಚು ಬೆಲೆಗೆ ಕೊಳ್ಳಬೇಡಿ. ಇಂಥ ಕಾಸಿನಲ್ಲಿ ಜೋಡಿ ಗೆರೆಗಿಂತ ಅಕ್ಷರಗಳ ಬರವಣಿಗೆ, ಚುಕ್ಕಿ, ಚಿಹ್ನೆಗಳೇ ಹೆಚ್ಚು ಹೇಳುತ್ತವೆ.

ಯಂತ್ರದ ನಾಣ್ಯ ಎಂದರೆ ಸಮ ವೃತ್ತ, ಎದ್ದ ಅಂಚುಪಟ್ಟಿ, ರೂಪಾಯಿಗಳಾದರೆ ಅಂಚಿನಲ್ಲಿ ಗೀರುಸಾಲು. ಮುಂಬಯಿಯಲ್ಲಿ ಉಗಿ ಯಂತ್ರದ ಟಂಕಸಾಲೆ ಫೋರ್ಟಿನಲ್ಲಿ ಎದ್ದದ್ದು 1820ರ ದಶಕದ ಕೊನೆಗೆ. 1833ರ ತಕ್ಕಡಿ ಚಿತ್ರದ ಕಾಲಾಣೆಯಂಥ ಬೊಂಬಾಯಿ ಪ್ರೆಸಿಡೆನ್ಸಿ ನಾಣ್ಯಗಳು ಯಂತ್ರದವು. 1835ರ ಕಾಯ್ದೆಯ ನಂತರ ಬ್ರಿಟಿಷ್ ಆಡಳಿತದ ಪ್ರಾಂತಗಳಿಗೆಲ್ಲ ಒಂದೇ ಬಗೆಯ ರೂಪಾಯಿ ಬಂತು. ಇಲ್ಲಿಂದ ಮುಂದಿನ ಪರೀಕ್ಷೆಗಳೆಲ್ಲ ಯಂತ್ರದ ನಾಣ್ಯಗಳಿಗೇ.

ತೂಕವನ್ನೂ ಈಗಲೇ ನೋಡಿಬಿಡಿ. ಬೆಳ್ಳಿ ರೂಪಾಯಿ 180 ಗ್ರೇನ್, ಅಂದರೆ 11.66 ಗ್ರಾಂ. ತಾಮ್ರದ ಕಾಲಾಣೆ 100 ಗ್ರೇನ್, 6.48 ಗ್ರಾಂ. 1906ರಲ್ಲಿ ಕಂಚಿಗೆ ಬದಲಾದ ಮೇಲೆ ಅದೇ ಕಾಲಾಣೆ 75 ಗ್ರೇನ್, 4.86 ಗ್ರಾಂ. 1906ರ ಇಸವಿಯಲ್ಲಿ ಎರಡೂ ಬಗೆ ಸಿಗುತ್ತವೆ, ಗಾಬರಿ ಬೇಡ. ಸವೆದ ನಾಣ್ಯ ಇದಕ್ಕಿಂತ ಸ್ವಲ್ಪ ಕಡಿಮೆ ತೂಗುವುದು ಸಹಜ. ಬೆಳ್ಳಿ ರೂಪಾಯಿ ಒಂದು ಗ್ರಾಮಿನಷ್ಟು ಕಡಿಮೆ ಇದ್ದು ಬಳಕೆಯ ಸವೆತ ಮಾತ್ರ ಕಾಣದಿದ್ದರೆ ಜೋಡಿ ಗೆರೆಯ ವಿಚಾರ ಬಿಟ್ಟು, ಅದು ಎರಕದ ನಕಲಿಯೇ ಎಂದು ನೋಡಿ: ಅಂಚಿನಲ್ಲಿ ಜೋಡಿಸಿದ ಗೆರೆ, ಮೈಮೇಲೆ ಸೂಜಿಮೊನೆಯಷ್ಟು ಗುಳಿಗಳು, ಸಾಬೂನಿನಂತೆ ಮೆತ್ತಗಾದ ಅಕ್ಷರಗಳು.

ಮೂರನೆಯದು: ಒಂದೇ ಮುಖದಲ್ಲೋ, ಎರಡರಲ್ಲೂ?

ನಾಣ್ಯವನ್ನು ಮಗುಚಿ ನೋಡಿ. ಬಿಲ್ಲೆಗೆ ಎರಡು ಸಲ ಹೊಡೆತ ಬಿದ್ದಿದ್ದರೆ ಎರಡು ಮುಖಕ್ಕೂ ಬಿದ್ದಿರಲೇಬೇಕು, ಏಕೆಂದರೆ ಮೇಲಿನ ಡೈ ಇಳಿದಾಗ ಕೆಳಗಿನ ಡೈಯೂ ಒತ್ತುತ್ತದೆ. ಒಂದು ಹೊಡೆತದ ನಂತರ ನಾಣ್ಯ ಕಾಲರ್ ಎಂಬ ಉಕ್ಕಿನ ಬಳೆಯೊಳಗೇ ಉಳಿದು 15 ಡಿಗ್ರಿ ತಿರುಗಿ ಮತ್ತೆ ಹೊಡೆತ ತಿಂದಿತು ಎನ್ನಿ. ಮುಂಬದಿಯಲ್ಲಿ ಹಳೆಯ ಗುರುತು ಎಡಕ್ಕೆ 15 ಡಿಗ್ರಿ ತಿರುಗಿದ್ದರೆ ಹಿಂಬದಿಯಲ್ಲಿ ಅದು ಬಲಕ್ಕೆ 15 ಡಿಗ್ರಿ ತಿರುಗಿರಬೇಕು. ಕೋನ ಅಷ್ಟೇ, ದಿಕ್ಕು ಮಾತ್ರ ಉಲ್ಟಾ. ಈ ಲೆಕ್ಕ ತಾಳೆಯಾದರೆ ನಿಮ್ಮ ಕೈಯಲ್ಲಿರುವುದು ನಿಜವಾದ ಜೋಡಿ ಹೊಡೆತ. ಮೊದಲ ಹೊಡೆತದ ಉಳಿಕೆ ಚಪ್ಪಟೆಯಾಗಿ, ಎರಡನೆಯದರ ಅಡಿಯಲ್ಲಿ ಹಾದುಹೋದಂತೆ ಕಾಣುತ್ತದೆ. ಕಾಲರಿನ ಹೊರಗೆ ಸರಿದು ಎರಡನೆಯ ಏಟು ತಿಂದಿದ್ದರೆ ನಾಣ್ಯ ಒಂದು ಕಡೆಗೆ ನಾಲಿಗೆ ಚಾಚಿದಂತೆ ಅಗಲವಾಗುತ್ತದೆ, ತೂಕ ಮಾತ್ರ ಬದಲಾಗುವುದಿಲ್ಲ.

ಪ್ರೂಫ್ ನಾಣ್ಯಗಳ, ಅಂದರೆ ಸಂಗ್ರಾಹಕರಿಗೆಂದೇ ವಿಶೇಷವಾಗಿ ಒತ್ತಿದ ನಾಣ್ಯಗಳ ವಿಚಾರ ಬೇರೆ. ಅವನ್ನು ಬೇಕೆಂದೇ ಎರಡು ಅಥವಾ ಹೆಚ್ಚು ಸಲ ಒತ್ತುತ್ತಾರೆ. ಎರಡು ಒತ್ತುಗಳ ನಡುವೆ ಸೂಕ್ಷ್ಮವಾಗಿ ಸರಿದರೆ ಅಕ್ಷರದ ನೆತ್ತಿಯಲ್ಲಿ ಸಣ್ಣ ಜೋಡಿ ಗೆರೆ ಬರುತ್ತದೆ.

ಜೋಡಿ ಗೆರೆ ಒಂದೇ ಮುಖದಲ್ಲಿದ್ದರೆ ಜೋಡಿ ಹೊಡೆತದ ಮಾತನ್ನು ಕೈಬಿಡಿ. ಉಳಿದದ್ದು ಪ್ರೆಸ್ಸಿನ ಜಾರುವಿಕೆ, ಡಬಲ್ ಡೈ, ಡೈಯ ಸವೆತ, ಮರುಪಂಚ್. ನೂರಕ್ಕೆ ಬಹುಪಾಲು ನಾಣ್ಯಗಳ ತೀರ್ಮಾನ ಆಗುವುದು ಈ ಮೊದಲ ಎರಡರ ನಡುವೆ, ಮೋಸ ಹೋಗುವುದೂ ಅಲ್ಲೇ.

ಮೆಟ್ಟಿಲು: ಪ್ರೆಸ್ಸಿನ ಜಾರುವಿಕೆ

ಸಂಗ್ರಾಹಕರು ಮಶೀನ್ ಡಬ್ಲಿಂಗ್ ಎನ್ನುವುದು ಇದನ್ನೇ. ಡೈ ತನ್ನ ಜಾಗದಲ್ಲಿ ಬಿಗಿಯಾಗಿ ಕೂತಿಲ್ಲ, ಅಥವಾ ಪ್ರೆಸ್ಸಿನ ಭಾಗಗಳು ಸವೆದು ಸಡಿಲಾಗಿವೆ. ಡೈ ಬಿಲ್ಲೆಯನ್ನು ಒತ್ತಿ ಅಕ್ಷರ ಪೂರ್ತಿ ಎಬ್ಬಿಸಿದೆ, ಮೇಲೇಳುವ ಮೊದಲ ಕ್ಷಣದಲ್ಲಿ ಅದು ಒಂದಿಷ್ಟು ಪಕ್ಕಕ್ಕೆ ಜಾರುತ್ತದೆ ಅಥವಾ ಪುಟಿಯುತ್ತದೆ. ಆಗ ಆಗತಾನೆ ಎದ್ದ ಅಕ್ಷರದ ಪಕ್ಕವನ್ನು ಡೈಯ ಗುಳಿಯ ಅಂಚು ಕೊಯ್ದು ಕೆಳಗೆ ತಳ್ಳುತ್ತದೆ.

ಲೂಪಿನಲ್ಲಿ ಕಾಣುವುದು ಹೀಗೆ: ಅಕ್ಷರದ ಒಂದು ಬದಿಯಲ್ಲಿ, ಹಿನ್ನೆಲೆಯ ಬಯಲಿಗೆ ಹತ್ತಿರದಲ್ಲಿ, ಒಂದು ಚಪ್ಪಟೆ ಮೆಟ್ಟಿಲು. ಮೆಟ್ಟಿಲಿನ ಮೇಲ್ಮೈ ಸಪಾಟ, ಬೆಳಕಿಗೆ ಥಟ್ಟನೆ ಹೊಳೆಯುತ್ತದೆ, ಏಕೆಂದರೆ ಅದು ಉಜ್ಜಿದ ಲೋಹ. ಅದಕ್ಕೆ ಅಕ್ಷರದಂತೆ ದುಂಡಗಿನ ಬೆನ್ನಿಲ್ಲ. ಮೆಟ್ಟಿಲನ್ನು ಬಿಟ್ಟು ಉಳಿದ ಅಕ್ಷರವನ್ನಷ್ಟೇ ಅಳೆದರೆ ಅದು ಸರಿಯಾದ ನಾಣ್ಯದ ಅಕ್ಷರಕ್ಕಿಂತ ಸಣ್ಣ. ಮೆಟ್ಟಿಲು ಸೇರಿಸಿ ಅಳೆದರೆ ಹೆಚ್ಚುಕಡಿಮೆ ಮೂಲ ಅಗಲವೇ ಬರುತ್ತದೆ. ಲೋಹ ಹೊಸದಾಗಿ ಬಂದಿಲ್ಲ, ಇದ್ದದ್ದೇ ಕೆಳಗೆ ಕೂತಿದೆ.

ಅಗಲವನ್ನು ಕ್ಯಾಲಿಪರಿನಿಂದ ಅಳೆಯಲು ಆಗದು, ಅಕ್ಷರ ತೀರ ಸಣ್ಣದು. ಎರಡು ನಾಣ್ಯಗಳನ್ನೂ ಒಂದೇ ಎತ್ತರದಿಂದ, ನೇರ ಮೇಲಿನಿಂದ ಚಿತ್ರ ತೆಗೆಯಿರಿ. ಎರಡೂ ನಾಣ್ಯಗಳು ಪರದೆಯಲ್ಲಿ ಒಂದೇ ಅಡ್ಡಳತೆಗೆ, ಉದಾಹರಣೆಗೆ 20 ಸೆಂಟಿಮೀಟರಿಗೆ ಬರುವಂತೆ ಹಿಗ್ಗಿಸಿ. ಆಮೇಲೆ ಶಾಲೆಯ ಸ್ಕೇಲಿನಿಂದಲೇ ಅದೇ ಅಕ್ಷರದ ಕಂಬದ ದಪ್ಪ ಅಳೆದು ಬರೆದುಕೊಳ್ಳಿ. ಐದಾರು ಅಕ್ಷರ ಅಳೆದರೆ ಚಿತ್ರ ಸ್ಪಷ್ಟವಾಗುತ್ತದೆ.

ಗಣರಾಜ್ಯದ ನಾಣ್ಯಗಳಲ್ಲಿ ಒಂದು ಅನುಕೂಲ ಇದೆ: ದೇವನಾಗರಿಯ ತಲೆಗೆರೆ. ‘ಭಾರತ’ದ ಮೇಲಿನ ಆ ಉದ್ದ ಗೆರೆ ಡೈ ಯಾವ ದಿಕ್ಕಿಗೆ ಜಾರಿತೆಂದು ಹೇಳಿಬಿಡುತ್ತದೆ. ಮೇಲೆ ಅಥವಾ ಕೆಳಗೆ ಜಾರಿದ್ದರೆ ಗೆರೆಯ ಉದ್ದಕ್ಕೂ ಮೆಟ್ಟಿಲು. ಎಡಕ್ಕೆ ಅಥವಾ ಬಲಕ್ಕೆ ಜಾರಿದ್ದರೆ ಗೆರೆಯಲ್ಲಿ ತುದಿ ಬಿಟ್ಟು ಬೇರೆಲ್ಲೂ ಏನೂ ಇಲ್ಲ, ಕೆಳಗಿಳಿಯುವ ಕಂಬಗಳಿಗೆ ಮಾತ್ರ ಮೆಟ್ಟಿಲು. ಇಡೀ ಮುಖದಲ್ಲಿ ಮೆಟ್ಟಿಲುಗಳು ಒಂದೇ ದಿಕ್ಕಿಗೆ ಮುಖ ಮಾಡಿದ್ದರೆ ಜಾರುವಿಕೆಯ ಕಡೆಗೆ ಒಂದು ಅಂಕ ಹೆಚ್ಚು.

ಇಲ್ಲಿ ಒಂದು ತಪ್ಪು ನಂಬಿಕೆ ಬಹಳ ಹರಡಿದೆ: ‘ಇದೇ ಡಬಲ್ ಇರುವ ಐದು ನಾಣ್ಯ ನನ್ನಲ್ಲಿವೆ, ಆದ್ದರಿಂದ ಇದು ಡೈ ದೋಷ.’ ಸಡಿಲವಾದ ಪ್ರೆಸ್ಸು ಸಡಿಲವಾಗಿಯೇ ಸಾವಿರಾರು ನಾಣ್ಯ ಒತ್ತುತ್ತದೆ. ಒಂದೇ ಚೀಲದಿಂದ ಬಂದ ನಾಣ್ಯಗಳಲ್ಲಿ ಒಂದೇ ಬಗೆಯ ಮೆಟ್ಟಿಲು ಇರುವುದು ಸಾಮಾನ್ಯ. ಸಂಖ್ಯೆಯನ್ನು ನೋಡದೆ ಆಕಾರದ ನಿಖರತೆಯನ್ನು ನೋಡಿ. ಡೈ ದೋಷವಾದರೆ ಐದರಲ್ಲೂ ಜೋಡಿ ಗೆರೆಯ ಸ್ಥಾನ, ದೂರ ಒಂದಿನಿತೂ ಬದಲಾಗುವುದಿಲ್ಲ. ಜಾರುವಿಕೆಯಾದರೆ ಒಂದರಲ್ಲಿ ಅಗಲ, ಇನ್ನೊಂದರಲ್ಲಿ ಸಣ್ಣ, ಮತ್ತೊಂದರಲ್ಲಿ ಅರ್ಧ ಅಕ್ಷರಗಳಿಗೆ ಮಾತ್ರ.

ದುಂಡು ಬೆನ್ನು: ನಿಜವಾದ ಡಬಲ್ ಡೈ

ಡೈ ಹೇಗೆ ಹುಟ್ಟುತ್ತದೆ ಎಂದು ತಿಳಿದರೆ ಇದನ್ನು ಗುರುತಿಸುವುದು ಸುಲಭ. ಹಬ್ ಎಂಬ ಉಬ್ಬಚ್ಚಿನ ಮೇಲೆ ಚಿತ್ರ ನಾಣ್ಯದಲ್ಲಿರುವಂತೆಯೇ ಎದ್ದಿರುತ್ತದೆ. ಅದನ್ನು ಮೆದು ಮಾಡಿದ ಉಕ್ಕಿನ ತುಂಡಿಗೆ ಒತ್ತಿದರೆ ಗುಳಿಯ ಚಿತ್ರವಿರುವ ಡೈ ಸಿಗುತ್ತದೆ. ಹಳೆಯ ಪದ್ಧತಿಯಲ್ಲಿ ಒಂದೇ ಒತ್ತಿಗೆ ಚಿತ್ರ ಪೂರ್ತಿ ಇಳಿಯುತ್ತಿರಲಿಲ್ಲ. ಒತ್ತಿದಂತೆ ಉಕ್ಕು ಗಡುಸಾಗುತ್ತದೆ, ಅದನ್ನು ಕಾಯಿಸಿ ಮತ್ತೆ ಮೆದು ಮಾಡಿ, ಅದೇ ಹಬ್ಬಿನ ಕೆಳಗೆ ಅದೇ ಜಾಗದಲ್ಲಿ ಕೂರಿಸಿ ಎರಡನೆಯ ಸಲ ಒತ್ತಬೇಕು. ಆ ಕೂರಿಸುವಿಕೆ ತಪ್ಪಿದರೆ ಡೈಯಲ್ಲೇ ಎರಡು ಚಿತ್ರಗಳಾದವು. ಆ ಡೈ ಒತ್ತುವ ಪ್ರತಿಯೊಂದು ನಾಣ್ಯವೂ ಅದೇ ಜೋಡಿಯನ್ನು ಹೊತ್ತು ಬರುತ್ತದೆ.

ಗುಳಿ ಎರಡಾದ್ದರಿಂದ ಲೋಹ ಎರಡರಲ್ಲೂ ಏರುತ್ತದೆ. ಎರಡೂ ಗೆರೆಗಳಿಗೆ ದುಂಡು ಬೆನ್ನು, ಎರಡಕ್ಕೂ ಒಂದೇ ಬಗೆಯ ಮೈ. ಗೆರೆಗಳು ಒಂದರ ಮೇಲೊಂದು ಬಿದ್ದಿದ್ದರೆ ಅಕ್ಷರ ಮೂಲಕ್ಕಿಂತ ದಪ್ಪ, ಮೂಲೆಗಳಲ್ಲಿ ಸೀಳು. ಇಂಗ್ಲಿಷ್ ಅಕ್ಷರಗಳ ಕಂಬದ ತುದಿಯಲ್ಲಿರುವ ಅಡ್ಡಪಾದವನ್ನು ನೋಡಿ, ಅಲ್ಲಿ ಹಾವಿನ ನಾಲಿಗೆಯಂತೆ ಕವಲೊಡೆದ ಸಣ್ಣ ಕಚ್ಚು ಇದ್ದರೆ ಅದು ಬಲವಾದ ಸಾಕ್ಷಿ. ಜಾರುವಿಕೆಯಲ್ಲಿ ಆ ಕವಲು ಬರುವುದಿಲ್ಲ.

ಹೇಗೆ ಹರಡಿದೆ ಎಂಬುದೂ ಮುಖ್ಯ. ಎರಡನೆಯ ಒತ್ತಿನಲ್ಲಿ ಡೈ ಕೇಂದ್ರದ ಸುತ್ತ ತಿರುಗಿದ್ದರೆ ಅಂಚಿನ ಬರಹದಲ್ಲಿ ಜೋಡಿ ಎದ್ದು ಕಾಣುತ್ತದೆ, ನಡುವಿನ ತಲೆಯ ಚಿತ್ರದಲ್ಲಿ ಕಾಣುವುದೇ ಇಲ್ಲ. ಲೆಕ್ಕ ಹಾಕಿ ನೋಡಿ: 1 ಡಿಗ್ರಿ ತಿರುಗಿದರೆ ಕೇಂದ್ರದಿಂದ 14 ಮಿಮೀ ದೂರದ ಅಕ್ಷರ 0.24 ಮಿಮೀ ಸರಿಯುತ್ತದೆ, 3 ಮಿಮೀ ದೂರದ ಕಿವಿಯ ಗೆರೆ 0.05 ಮಿಮೀ ಮಾತ್ರ. ನಿಮ್ಮ ನಾಣ್ಯದಲ್ಲಿ ಜೋಡಿ ಗೆರೆಯ ದೂರ ಅಂಚಿನಿಂದ ಒಳಗೆ ಬಂದಂತೆ ಇದೇ ಅನುಪಾತದಲ್ಲಿ ಕಡಿಮೆಯಾದರೆ ಕಥೆ ಹೊಂದುತ್ತದೆ. ಡೈ ತಿರುಗದೆ ನೇರ ಸರಿದಿದ್ದರೆ ದೂರ ಎಲ್ಲ ಕಡೆಯೂ ಸಮ. ಅಂಚಿನ ಒಂದು ಬಿಂದುವಿನ ಸುತ್ತ ತಿರುಗಿದ್ದರೆ ಆ ಬಿಂದುವಿನ ಬಳಿ ಏನೂ ಇಲ್ಲ, ಎದುರು ಅಂಚಿನಲ್ಲಿ ಹೆಚ್ಚು. ಹೀಗೆ ಯಾವ ನಿಯಮಕ್ಕೂ ಒಗ್ಗದ ಜೋಡಿ ಗೆರೆಯನ್ನು ಡಬಲ್ ಡೈ ಎನ್ನಲು ಅವಸರ ಬೇಡ.

ಅಮೆರಿಕದ 1955ರ ಒಂದು ಸೆಂಟ್ ಇದರ ಪ್ರಸಿದ್ಧ ಮಾದರಿ. ಮುಂಬದಿಯ ಬರಹ, ಇಸವಿ ಎರಡೂ ಬರಿಗಣ್ಣಿಗೇ ಜೋಡಿಯಾಗಿ ಕಾಣುತ್ತವೆ, ಹಿಂಬದಿ ಮಾತ್ರ ಸರಿಯಾಗಿದೆ. ಹಾಗಾಗಿ ದೋಷ ಮುಂಬದಿಯ ಡೈಯಲ್ಲಿ, ಹೊಡೆತದಲ್ಲಲ್ಲ. ಅದೇ ವರ್ಷದ ಅದೇ ಸೆಂಟಿನಲ್ಲಿ ‘ಬಡವರ ಡಬಲ್ ಡೈ’ ಎಂದು ಕರೆಸಿಕೊಳ್ಳುವ ಇನ್ನೊಂದು ಬಗೆ ಇದೆ: ಇಸವಿಯ ಕೊನೆಯ 5ರ ಪಕ್ಕ ಮಸುಕು ಗೆರೆ. ಅದು ಡೈಯ ಸವೆತ ಮಾತ್ರ. ಒಂದೇ ವರ್ಷದ ಈ ಎರಡು ನಾಣ್ಯಗಳ ದೊಡ್ಡ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಕಣ್ಣು ಪಳಗುತ್ತದೆ. ನಮ್ಮ ನಾಣ್ಯ ನೋಡಲು ಹೊರಡುವವರೂ ಅದನ್ನೊಮ್ಮೆ ನೋಡುವುದು ಒಳ್ಳೆಯದು.

ಊದಿದ ಅಕ್ಷರ: ಸವೆದ ಡೈ

ಲಕ್ಷಗಟ್ಟಲೆ ಬಿಲ್ಲೆ ಒತ್ತುವಾಗ ಲೋಹ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಆ ಹರಿವು ಡೈಯನ್ನೇ ಸವೆಸಿ ಗುಳಿಗಳ ಹೊರ ಅಂಚನ್ನು ತಿನ್ನುತ್ತದೆ. ನಾಣ್ಯದಲ್ಲಿ ಅಕ್ಷರಗಳು ಅಂಚಿನ ಕಡೆಗೆ ಊದಿ, ಮಂಜು ಹಿಡಿದಂಥ ಎರಡನೆಯ ರೂಪ ಪಡೆಯುತ್ತವೆ. ಇಲ್ಲಿ ಮೆಟ್ಟಿಲೂ ಇಲ್ಲ, ಕವಲೂ ಇಲ್ಲ, ಎಲ್ಲಿ ಅಕ್ಷರ ಮುಗಿದು ಬಯಲು ಶುರುವಾಯಿತೆಂದೇ ತಿಳಿಯದು. ಬಯಲನ್ನು ಓರೆ ಬೆಳಕಿನಲ್ಲಿ ನೋಡಿ: ಕಿತ್ತಳೆ ಸಿಪ್ಪೆಯಂತೆ ಒರಟಾಗಿ, ಅಂಚಿನ ಕಡೆಗೆ ಓಡುವ ಸಣ್ಣ ಗೆರೆಗಳಿದ್ದರೆ ಬೇರೆ ಸಾಕ್ಷಿ ಬೇಡ. 1947ರ ಹುಲಿಯ ರೂಪಾಯಿಯಂಥ ನಿಕ್ಕಲ್ ನಾಣ್ಯ, 1992ರಿಂದ ಬಂದ ಸ್ಟೇನ್‌ಲೆಸ್ ಸ್ಟೀಲ್ ರೂಪಾಯಿಗಳಲ್ಲಿ ಲೋಹ ಗಡುಸಾದ್ದರಿಂದ ಡೈಗೆ ಹೊರೆ ಹೆಚ್ಚು. ಅವುಗಳಲ್ಲಿ ಮಸುಕು ಜೋಡಿ ಕಂಡರೆ ಮೊದಲು ಸವೆತವನ್ನೇ ಶಂಕಿಸಿ.

ಇಸವಿ ಅಥವಾ ಗುರುತು ಮಾತ್ರ ಎರಡಾದರೆ

ಬರಹ, ಚಿತ್ರ ಎಲ್ಲ ಸ್ವಚ್ಛ, ಒಂದು ಅಂಕಿಗೆ ಮಾತ್ರ ಜೋಡಿ ಎಂದರೆ ಅದು ಮರುಪಂಚ್. ಹಳೆಯ ಡೈಗಳಲ್ಲಿ ಇಸವಿಯ ಅಂಕಿ, ಟಂಕಸಾಲೆಯ ಗುರುತುಗಳನ್ನು ಸಣ್ಣ ಪಂಚ್ ಇಟ್ಟು ಕೈಯಿಂದ ಹೊಡೆದು ಕೂರಿಸುತ್ತಿದ್ದರು. ಮೊದಲ ಏಟು ಓರೆಯಾದರೆ ಸರಿಪಡಿಸಲು ಇನ್ನೊಂದು ಏಟು. ಇಲ್ಲೂ ಲೋಹ ಎರಡು ಗುಳಿ ತುಂಬಿರುವುದರಿಂದ ದುಂಡು ಬೆನ್ನೇ ಇರುತ್ತದೆ, ಆದರೆ ಪಕ್ಕದ ಅಂಕಿಗೆ ಅದರ ಸೋಂಕಿಲ್ಲ. ಅಡಿಯಲ್ಲಿ ಕಾಣುವ ರೂಪ ಬೇರೆಯೇ ಅಂಕಿಯದಾಗಿದ್ದರೆ ಹಳೆಯ ವರ್ಷದ ಡೈಯನ್ನು ತಿದ್ದಿ ಬಳಸಿರುವ ಸಾಧ್ಯತೆ ಇದೆ. ಆಗ ಅಡಿಯ ಅಂಕಿಯ ಬಳುಕುಗಳನ್ನು ಹಿಂದಿನ ವರ್ಷದ ನಾಣ್ಯದ ಅಂಕಿಯ ಜೊತೆ ಹೋಲಿಸಿ.

ಮುಂಬಯಿಯ ನಾಣ್ಯವೆಂದು ತಿಳಿಯುವುದು ಗುರುತಿನಿಂದ. ಬ್ರಿಟಿಷ್ ಕಾಲದ ಅನೇಕ ರೂಪಾಯಿಗಳಲ್ಲಿ ಹಿಂಬದಿಯ ಬುಡದಲ್ಲಿ ‘ಬಿ’ ಅಕ್ಷರ ಅಥವಾ ಎದ್ದ ಚುಕ್ಕಿ, ಗಣರಾಜ್ಯದವುಗಳಲ್ಲಿ ಇಸವಿಯ ಕೆಳಗೆ ವಜ್ರಾಕೃತಿ. ಚುಕ್ಕಿ ಎಂದ ಮೇಲೆ 1862ರ ವಿಕ್ಟೋರಿಯಾ ರೂಪಾಯಿಯನ್ನು ನೆನೆಯಲೇಬೇಕು. 1874ರವರೆಗೂ ರೂಪಾಯಿಗಳ ಮೇಲೆ 1862 ಎಂಬ ಇಸವಿಯೇ ಮುಂದುವರಿಯಿತು. ಮುಂಬಯಿ ಟಂಕಸಾಲೆ ಹಿಂಬದಿಯಲ್ಲಿ ಚುಕ್ಕಿಗಳ ಸಂಖ್ಯೆ ಬದಲಿಸಿ ವರ್ಷಗಳನ್ನು ಬೇರ್ಪಡಿಸಿತು. ಆ ಚುಕ್ಕಿಗಳು ಎರಡಿರಲಿ, ಆರಿರಲಿ, ಅವು ದೋಷವಲ್ಲ, ಬೇಕೆಂದೇ ಇಟ್ಟ ಲೆಕ್ಕ. ಚುಕ್ಕಿಯೊಂದು ಎಂಟರ ಆಕಾರಕ್ಕೆ ಎರಡಾಗಿ ಅಂಟಿಕೊಂಡಿದ್ದರೆ ಮಾತ್ರ ಮರುಪಂಚ್ ಎಂದು ನೋಡಿ.

ಕನ್ನಡಿಯ ಬರಹ

ಎರಡನೆಯ ರೂಪ ಉಲ್ಟಾ, ಕನ್ನಡಿಯಲ್ಲಿ ಕಂಡಂತೆ ಇದ್ದರೆ ಮೇಲಿನ ಯಾವುದೂ ಅಲ್ಲ. ಇಲ್ಲಿ ಮೂರು ಸಾಧ್ಯತೆ. ಬಿಲ್ಲೆ ಇಲ್ಲದೆ ಎರಡು ಡೈಗಳು ಒಂದಕ್ಕೊಂದು ಬಡಿದಿದ್ದರೆ ಎದುರು ಮುಖದ ವಿನ್ಯಾಸದ ತೆಳು ಹೊರರೇಖೆ ಬಯಲಿನಲ್ಲಿ ಮೂಡುತ್ತದೆ, ನಾಣ್ಯದ ಸ್ವಂತ ಅಕ್ಷರಗಳಿಗೆ ಏನೂ ಆಗಿರುವುದಿಲ್ಲ. ಹಿಂದಿನ ನಾಣ್ಯ ಡೈಗೆ ಅಂಟಿಕೊಂಡು ಮುಂದಿನ ಬಿಲ್ಲೆಯನ್ನು ಒತ್ತಿದ್ದರೆ ಬ್ರೋಕೇಜ್, ಇಲ್ಲಿನ ವ್ಯಾಪಾರಿಗಳ ಮಾತಿನಲ್ಲಿ ‘ಲಖಿ’: ಒಂದು ಮುಖ ಸರಿಯಾಗಿದ್ದು ಇನ್ನೊಂದರಲ್ಲಿ ಅದೇ ಮುಖ ಗುಳಿಯಾಗಿ, ಉಲ್ಟಾ. ಮೂರನೆಯದು ವೈಸ್ ಎಂಬ ಕಬ್ಬಿಣದ ಇಕ್ಕಳದಲ್ಲಿ ಎರಡು ನಾಣ್ಯ ಸೇರಿಸಿ ಬಿಗಿದ ಮೋಸ. ಇದರಲ್ಲಿ ಉಲ್ಟಾ ಗುಳಿ ಬಿದ್ದ ಕಡೆ ನಾಣ್ಯದ ಮೂಲ ಅಕ್ಷರಗಳು ಜಜ್ಜಿ ಚಪ್ಪಟೆಯಾಗಿರುತ್ತವೆ, ಮಗುಚಿದರೆ ಅದೇ ಜಾಗದ ಬೆನ್ನೂ ಸಪಾಟಾಗಿ ಹೊಳೆಯುತ್ತದೆ. ಜಜ್ಜಿದ ಗುರುತು ಹಳೆಯ ಸವೆತದ ಮೇಲೆ ಬಿದ್ದಿದ್ದರೆ ಅನುಮಾನಕ್ಕೆ ಎಡೆಯಿಲ್ಲ, ಟಂಕಸಾಲೆಯಲ್ಲಿ ಸವೆದ ನಾಣ್ಯ ಇರುವುದಿಲ್ಲ.

ಒಂದೇ ನಾಣ್ಯದಲ್ಲಿ ಎರಡು ಕಾರಣ

ಪರೀಕ್ಷೆಗಳ ಉತ್ತರ ಒಂದಕ್ಕೊಂದು ಹೊಂದದಿದ್ದರೆ ಇದನ್ನು ಶಂಕಿಸಿ. ಸವೆದ ಡೈ ಸಡಿಲ ಪ್ರೆಸ್ಸಿನಲ್ಲಿ ಕೂತಿರಬಹುದು: ಅಂಚಿನ ಕಡೆಗೆ ಊತ, ಎಡಕ್ಕೆ ಮೆಟ್ಟಿಲು. ಡಬಲ್ ಡೈಯ ನಾಣ್ಯಕ್ಕೂ ಜಾರುವಿಕೆ ತಗಲಬಹುದು, ಆಗ ಮೂರು ಗೆರೆ ಕಾಣುತ್ತವೆ. ಪ್ರತಿ ಅಕ್ಷರದ ಎಡ, ಬಲ, ಮೇಲೆ, ಕೆಳಗೆ ಎಂಬ ನಾಲ್ಕು ಬದಿಯನ್ನೂ ಬೇರೆ ಬೇರೆಯಾಗಿ ಬರೆದುಕೊಂಡರೆ ಗಂಟು ಬಿಡುತ್ತದೆ. ಮಳೆಗಾಲದ ಮುಂಬಯಿಯಲ್ಲಿ ತಾಮ್ರದ ನಾಣ್ಯಕ್ಕೆ ಅಕ್ಷರದ ಬುಡದಲ್ಲಿ ಹಸಿರು ಅಥವಾ ಕಪ್ಪು ಕಿಲುಬು ಸೇರುವುದೂ ಉಂಟು, ಬರಿಗಣ್ಣಿಗೆ ಅದು ಜೋಡಿ ಗೆರೆಯಂತೆಯೇ. ಲೂಪಿನಲ್ಲಿ ಅದಕ್ಕೆ ಬಣ್ಣ ಇದೆ, ಎತ್ತರ ಇಲ್ಲ. ನಾಣ್ಯಗಳ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಮೇ ಕೊನೆಗೆ ಬದಲಿಸಿ.

ಅದೇ ಡೈಯ ಇನ್ನೊಂದು ನಾಣ್ಯ ಹುಡುಕಿ, ದಾಖಲಿಸಿ

ದುಂಡು ಬೆನ್ನು, ಕವಲು, ದಪ್ಪ ಅಕ್ಷರ, ನಿಯಮಕ್ಕೆ ಹೊಂದುವ ಹರಡುವಿಕೆ ಎಲ್ಲವೂ ಸಿಕ್ಕಿದರೆ ಉಳಿದಿರುವುದು ಕೊನೆಯ ಹೆಜ್ಜೆ: ಅದೇ ಡೈಯಿಂದ ಬಂದ ಇನ್ನೊಂದು ನಾಣ್ಯ. ಡೈ ಒಂದೇ ಎಂದು ಹೇಳಲು ಜೋಡಿ ಗೆರೆಯೊಂದೇ ಸಾಲದು. ಡೈಯಲ್ಲಾದ ಬಿರುಕು ನಾಣ್ಯದಲ್ಲಿ ಎದ್ದ ಕೂದಲುಗೆರೆಯಾಗಿ ಬರುತ್ತದೆ, ಡೈಯ ಮೇಲಿನ ಗೀರೂ ಹಾಗೆಯೇ ಎದ್ದು ಬರುತ್ತದೆ. ಬಳಕೆಯಲ್ಲಿ ಬಿದ್ದ ಗೀರು ಮಾತ್ರ ತಗ್ಗಿಗೆ ಇರುತ್ತದೆ. ಇಂಥ ಎದ್ದ ಗುರುತು ಎರಡು ಮೂರು ಎರಡೂ ನಾಣ್ಯಗಳಲ್ಲಿ ಅದೇ ಜಾಗದಲ್ಲಿದ್ದು, ಜೋಡಿ ಗೆರೆಯೂ ತಾಳೆಯಾದರೆ ತೀರ್ಮಾನ ಗಟ್ಟಿ. ಫೋರ್ಟಿನ ರಿಸರ್ವ್ ಬ್ಯಾಂಕಿನ ನಾಣ್ಯ ಸಂಗ್ರಹಾಲಯದಲ್ಲಿ ಸರಿಯಾದ ನಾಣ್ಯಗಳ ರೂಪ ನೋಡಿ ಕಣ್ಣು ತಿದ್ದಿಕೊಳ್ಳಬಹುದು, ಅದೇ ಡೈಯ ನಾಣ್ಯ ಹುಡುಕಲು ಮಾತ್ರ ವ್ಯಾಪಾರಿಗಳ ಬಿಡಿ ನಾಣ್ಯದ ರಾಶಿಯೇ ಗತಿ.

ಮಾರುವ ಯೋಚನೆ ಇದ್ದರೆ ಎರಡು ವಿಷಯ ತಿಳಿದಿರಲಿ. ನೂರು ವರ್ಷ ದಾಟಿದ ನಾಣ್ಯ 1972ರ ಪುರಾತನ ವಸ್ತು ಕಾಯ್ದೆಯಡಿ ಬರುತ್ತದೆ, ಅದನ್ನು ಗ್ರೇಡಿಂಗಿಗೆಂದು, ಅಂದರೆ ಗುಣಮಟ್ಟ ನೋಡಿ ದರ್ಜೆ ಕೊಡಿಸಲೆಂದು, ಖಾಸಗಿಯಾಗಿ ಹೊರದೇಶಕ್ಕೆ ಕಳಿಸುವಂತಿಲ್ಲ. ಹಳೆಯ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಎಂದು ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಬರುವ ಕರೆಗಳು ಮೋಸದವು. ಬ್ಯಾಂಕೇ 2021ರ ಆಗಸ್ಟಿನಲ್ಲಿ ಈ ಬಗ್ಗೆ ಎಚ್ಚರಿಕೆ ಹೊರಡಿಸಿದೆ.

ನಾಣ್ಯವನ್ನು ಮೈಲಾರ್ ಎಂಬ ಪ್ಲಾಸ್ಟಿಕ್ ಹಾಳೆಯ ಲಕೋಟೆಗೆ ಹಾಕಿ, ಹೊರಗಿನ ಕಾಗದದ ಮೇಲೆ ಇಸವಿ, ಟಂಕಸಾಲೆ, ತೂಕ, ಅಡ್ಡಳತೆ, ಯಾವ ಮುಖ, ಯಾವ ಅಕ್ಷರ, ಯಾವ ದಿಕ್ಕು, ಎಷ್ಟು ದೂರ ಎಂದು ಬರೆಯಿರಿ. ‘ಡಬಲ್ ಡೈ’ ಎಂಬ ಹೆಸರನ್ನು ಪೆನ್ಸಿಲಿನಲ್ಲೇ ಬರೆದು, ಅದೇ ಡೈಯ ಎರಡನೆಯ ನಾಣ್ಯ ಕೈಗೆ ಬರುವವರೆಗೆ ಪಕ್ಕದಲ್ಲಿ ಪ್ರಶ್ನೆಯ ಗುರುತು ಇಟ್ಟಿರಿ.